31 ಇಂಚಿನ ಟೈರ್ ಹಾಕಿಸುವ ಮುಂಚೆ ಕ್ರೌನ್ ಹಲ್ಲು ಎಣಿಸಿ

ಹಳ್ಳದ ಕಡೆಯ ತೋಟದಿಂದ ಕಣಕ್ಕೆ ಬರಬೇಕಾದರೆ ನಮ್ಮಲ್ಲಿ ಒಂದು ಏರು ಹತ್ತಬೇಕು. ಸಕಲೇಶಪುರದ ಕಡೆಯವರಿಗೆ ಅಂಥ ಏರು ಏನೂ ಹೊಸದಲ್ಲ. ನನ್ನ ಹಳೆ ಮಹೀಂದ್ರಾ 540 ಜೀಪು ಎಂಟು ಮೂಟೆ ಕಾಫಿ ಹಣ್ಣು ಹೇರಿಕೊಂಡು ಲೋ ಸೆಕೆಂಡ್‌ನಲ್ಲಿ ಅದನ್ನು ಆರಾಮಾಗಿ ಹತ್ತುತ್ತಿತ್ತು. 31 ಇಂಚಿನ ಮಡ್ ಟೈರ್ ಹಾಕಿಸಿಕೊಂಡು ಬಂದ ಮರುದಿನ ಅದೇ ಜೀಪು, ನಾಲ್ಕೇ ಮೂಟೆಗೆ, ಅರ್ಧ ಏರಿನಲ್ಲಿ ಗುಂಯ್ ಅಂತ ನಿಂತಿತು. ಕ್ಲಚ್ ಸುಟ್ಟ ವಾಸನೆ ಕಣದ ತನಕ ಬಂತು ಅಂತ ಆಳುಗಳು ಆಮೇಲೆ ಹೇಳಿದರು.

ಸಂಜೆ ಗ್ಯಾರೇಜಿಗೆ ಹೋದೆ. ನಮ್ಮ ಮೇಸ್ತ್ರಿ ಸಾಬ್ರು ಮೂವತ್ತು ವರ್ಷದಿಂದ ಜೀಪಿನ ಕೆಳಗೇ ಮಲಗಿದವರು. ಟೈರ್ ನೋಡಿದವರೇ, "ಗೌಡ್ರೇ, ಹಾಕ್ಸೋಕೆ ಮುಂಚೆ ಒಂದ್ ಮಾತು ಕೇಳ್ಬಾರ್ದಿತ್ತಾ? ಒಳಗೆ ಕ್ರೌನ್ ಎಷ್ಟರದ್ದಿದೆ, ಗೊತ್ತಾ ನಿಮಗೆ?" ಅಂದರು. "4.88 ಅಂತ ಮಾರಿದವರು ಹೇಳಿದ್ರು ಸಾಬ್ರೇ" ಅಂದೆ. ಕ್ರೌನ್ ಅಂದರೆ ಆಕ್ಸಲ್ ಒಳಗೆ ಚಕ್ರ ತಿರುಗಿಸುವ ದೊಡ್ಡ ಹಲ್ಲುಚಕ್ರ, 4.88 ಅದರ ಲೆಕ್ಕ. ಸಾಬ್ರು ನಕ್ಕರು ಅಷ್ಟೇ. ಜಾಕಿ ತರಲು ಹುಡುಗನಿಗೆ ಹೇಳಿದರು.

ಅಲ್ಲಿಂದ ಶುರುವಾಗಿದ್ದು ಒಂದು ಮಳೆಗಾಲ ದಾಟಿ ಮುಗಿಯಿತು. ದುಡ್ಡು ಟೈರಿಗೆ ಕೊಟ್ಟಷ್ಟೇ ಮತ್ತೊಮ್ಮೆ ಹೋಯಿತು. ನೀವು ಹಳೆ ಜೀಪಿಗೆ ದೊಡ್ಡ ಟೈರ್ ಹಾಕಿಸುವ ಯೋಚನೆಯಲ್ಲಿದ್ದರೆ, ಯಾವ ಕೆಲಸ ಮೊದಲು, ಯಾವುದು ಆಮೇಲೆ ಅಂತ ಇಲ್ಲಿ ಬರೆದಿದ್ದೇನೆ. ನಾನು ಮಾಡಿದ್ದು ಪೂರ್ತಿ ಉಲ್ಟಾ.

ಮೊದಲು ನಿಮ್ಮ ಹತ್ತಿರ ಏನಿದೆ ಅಂತ ನೋಡಿ

ಇಂಜಿನ್‌ನಿಂದ ಬರುವ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು ತಿರುಗುತ್ತದೆ? ಅದೇ ಆಕ್ಸಲ್ ರೇಶಿಯೋ. ಹೌಸಿಂಗ್ (ಆಕ್ಸಲ್‌ನ ಕಬ್ಬಿಣದ ಕವಚ) ಒಳಗಿನ ಕ್ರೌನ್ ವೀಲ್‌ನ ಹಲ್ಲನ್ನು, ಅದನ್ನು ತಿರುಗಿಸುವ ಸಣ್ಣ ಹಲ್ಲುಚಕ್ರ ಪಿನಿಯನ್‌ನ ಹಲ್ಲಿನಿಂದ ಭಾಗಿಸಿದರೆ ಈ ಲೆಕ್ಕ ಸಿಗುತ್ತದೆ. ಕ್ರೌನ್ 47, ಪಿನಿಯನ್ 11 ಇದ್ದರೆ 4.27. 39ಕ್ಕೆ 8 ಅಥವಾ 44ಕ್ಕೆ 9 ಇದ್ದರೆ 4.88 ಅನ್ನುತ್ತಾರೆ. 43ಕ್ಕೆ 8 ಇದ್ದರೆ 5.38. ಹಳೆ ಜೀಪುಗಳಲ್ಲಿ ಓಡಾಡುವ ಸಂಖ್ಯೆಗಳು ಮುಖ್ಯವಾಗಿ ಈ ಮೂರು.

ನಮ್ಮ ಮಹೀಂದ್ರಾ ಜೀಪುಗಳ ಮೂಲ ವಿಲ್ಲೀಸ್. ಸಿಜೆ-3ಬಿ ಮಾಡೆಲ್‌ನಲ್ಲಿ ಹಿಂದೆ ಡಾನಾ 44, ಮುಂದೆ ಅದಕ್ಕಿಂತ ಚಿಕ್ಕದಾದ ಡಾನಾ 25 ಆಕ್ಸಲ್ ಇತ್ತು. ಆ ವಂಶದ ಸಾಮಾನು ಒಂದರದ್ದು ಒಂದಕ್ಕೆ ಕೂರುವುದು ಜಾಸ್ತಿ. ಅದೇ ಉಪಕಾರ, ಅದೇ ತೊಂದರೆ. ನಲವತ್ತು ವರ್ಷದಲ್ಲಿ ನಾಲ್ಕು ಕೈ ಬದಲಾದ ಗಾಡಿಯ ಹೌಸಿಂಗ್ ಒಳಗೆ ಯಾರು ಯಾವಾಗ ಏನು ಕೂರಿಸಿದ್ದಾರೋ ದೇವರೇ ಬಲ್ಲ. ಅದಕ್ಕೇ ಆರ್‌ಸಿ ಪುಸ್ತಕ, ಮಾರಿದವರ ಮಾತು, ಇಂಟರ್‌ನೆಟ್‌ನ ಪಟ್ಟಿ ಯಾವುದನ್ನೂ ನಂಬಬೇಡಿ. ನೀವೇ ಎಣಿಸಿ.

ಕವರ್ ಬಿಚ್ಚದೆ ಎಣಿಸುವ ದಾರಿಯೂ ಇದೆ. ಗೇರ್ ಮತ್ತು ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಆಕ್ಸಲ್‌ಗೆ ಶಕ್ತಿ ಹಂಚುವ ಡಬ್ಬ) ಎರಡೂ ನ್ಯೂಟ್ರಲ್‌ಗೆ ಹಾಕಿ. ಹ್ಯಾಂಡ್ ಬ್ರೇಕ್ ಪ್ರೊಪೆಲ್ಲರ್ ಮೇಲೆ ಇದ್ದರೆ ಅದನ್ನೂ ಬಿಡಬೇಕಾಗುತ್ತದೆ. ಹಾಗಾಗಿ ಸಮತಟ್ಟಾದ ಜಾಗದಲ್ಲಿ, ಉಳಿದ ಚಕ್ರಗಳಿಗೆ ಹಿಂದೆ ಮುಂದೆ ಕಟ್ಟೆ ಕೊಟ್ಟು ಮಾಡಿ. ಹಿಂದಿನ ಒಂದು ಚಕ್ರ ಮಾತ್ರ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಡಿ. ಇನ್ನೊಂದು ನೆಲದ ಮೇಲೇ ಇರಲಿ. ಟೈರಿಗೆ ಒಂದು ಸೀಮೆಸುಣ್ಣದ ಗುರುತು, ಪ್ರೊಪೆಲ್ಲರ್‌ಗೆ ಒಂದು. ಈಗ ಎತ್ತಿದ ಚಕ್ರವನ್ನು ಕೈಯಲ್ಲಿ ಸರಿಯಾಗಿ ಎರಡು ಸುತ್ತು ತಿರುಗಿಸಿ. ಒಂದು ಚಕ್ರ ನಿಂತೇ ಇರುವುದರಿಂದ ಎರಡು ಸುತ್ತಿಗೆ ಕ್ರೌನ್ ತಿರುಗುವುದು ಒಂದೇ ಸುತ್ತು. ಅಷ್ಟರಲ್ಲಿ ಪ್ರೊಪೆಲ್ಲರ್ ನಾಲ್ಕೂಕಾಲು ಸುತ್ತು ಹೊಡೆದರೆ 4.27. ಐದಕ್ಕೆ ಸ್ವಲ್ಪ ಕಮ್ಮಿಯಾದರೆ 4.88. ಐದು ದಾಟಿ ಮೂರನೇ ಒಂದು ಪಾಲು ಬಂದರೆ 5.38. ಅನುಮಾನ ಇದ್ದರೆ ಇಪ್ಪತ್ತು ಸುತ್ತು ತಿರುಗಿಸಿ ಹತ್ತರಿಂದ ಭಾಗಿಸಿ. ಮುಂದಿನ ಆಕ್ಸಲ್‌ಗೂ ಹೀಗೆಯೇ, ಫ್ರೀ ವೀಲ್ ಹಬ್ (ಮುಂದಿನ ಚಕ್ರವನ್ನು ಶಾಫ್ಟ್‌ನಿಂದ ಬಿಡಿಸುವ ಹಬ್) ಇದ್ದರೆ ಲಾಕ್ ಮಾಡಿಕೊಳ್ಳಿ.

ನನ್ನ ಜೀಪಿನದು ನಾಲ್ಕೂಕಾಲು. ಸಾಬ್ರು ಮತ್ತೊಮ್ಮೆ ನಕ್ಕರು.

ಲೆಕ್ಕ

ತುಂಬಿದ ಕೊಡವನ್ನು ಎದೆಗೆ ಒತ್ತಿ ಹಿಡಿದರೆ ಹಗುರ. ಅದೇ ಕೊಡ ಕೈ ಚಾಚಿ ಹಿಡಿದರೆ ಭಾರ. ದೊಡ್ಡ ಟೈರ್ ಅಂದರೆ ಕೈ ಚಾಚಿದ ಹಾಗೆ. ನೆಲ ಮತ್ತು ಆಕ್ಸಲ್ ನಡುವಿನ ದೂರ ಎಷ್ಟು ಪಾಲು ಹೆಚ್ಚಿತೋ ಎಳೆಯುವ ಶಕ್ತಿ ಹೆಚ್ಚುಕಮ್ಮಿ ಅಷ್ಟು ಪಾಲು ಇಳಿಯುತ್ತದೆ.

ಟೈರಿನ ಮೇಲೆ ಬರೆದಿರುವ ಅಳತೆ ಒಂದು, ನೆಲದ ಮೇಲೆ ಭಾರ ಬಿದ್ದಾಗಿನ ಅಳತೆ ಇನ್ನೊಂದು. ಆದ್ದರಿಂದ ಉರುಳಿಸಿ ಅಳೆಯಿರಿ. ಟೈರಿನ ತಳಕ್ಕೂ ನೆಲಕ್ಕೂ ಒಂದೇ ಕಡೆ ಗುರುತು ಹಾಕಿ, ಗಾಡಿಯನ್ನು ಒಂದು ಸುತ್ತು ತಳ್ಳಿ, ಟೇಪ್ ಹಿಡಿಯಿರಿ. ನನ್ನ ಹಳೆ 215/75 ಆರ್ 15 ಟೈರು ಒಂದು ಸುತ್ತಿಗೆ 2 ಮೀಟರ್ 14 ಸೆಂ.ಮೀ. ಹೋಯಿತು. ಹೊಸ 31×10.5 ಆರ್ 15 ಹೋಗಿದ್ದು 2 ಮೀಟರ್ 40. ಭಾಗಿಸಿದರೆ 1.12. ಅಂದರೆ ಶೇ. 12 ಹೆಚ್ಚು. ಎಂಟಾಣೆ ಭಾರಕ್ಕೆ ಸುಸ್ತಾಗುವ ಹಳೆ ಡೀಸೆಲ್ ಇಂಜಿನ್‌ಗೆ ಇದು ಸಣ್ಣ ವಿಷಯ ಅಲ್ಲ.

ಬೇಕಾದ ರೇಶಿಯೋ ಕಂಡುಹಿಡಿಯಲು ಹಳೆ ರೇಶಿಯೋವನ್ನು ಇದರಿಂದಲೇ ಗುಣಿಸಿ. 4.27 ಗುಣಿಸು 1.12, ಬಂದದ್ದು 4.78. ಅಂಗಡಿಯಲ್ಲಿ ಸಿಗುವುದರಲ್ಲಿ ಹತ್ತಿರದ್ದು 4.88. ಸ್ವಲ್ಪ ಜಾಸ್ತಿ ಇದ್ದರೆ ಒಳ್ಳೆಯದೇ, ಏಕೆಂದರೆ ಟೈರ್ ಎತ್ತರ ಮಾತ್ರ ಅಲ್ಲ, ಭಾರವೂ ಹೌದು. ಕಾಫಿ ತೂಗುವ ತಕ್ಕಡಿಯಲ್ಲಿ ಇಟ್ಟು ನೋಡಿದೆ. ರಿಮ್ ಸೇರಿ ಹಳೆಯದು 22 ಕೆ.ಜಿ., ಹೊಸದು 34.

ಹಾಗಾದರೆ ಸುಮ್ನೆ 5.38 ಹಾಕಿಬಿಟ್ಟರೆ? ನನಗೂ ಆಸೆಯಾಗಿತ್ತು. ಸಾಬ್ರು ಬೇಡ ಅಂದರು. ಒಂದು ಕಾರಣ ವೇಗ. ಟಾಪ್ ಗೇರ್‌ನಲ್ಲಿ ಇಂಜಿನ್ 2500 ಸುತ್ತು ತಿರುಗುವಾಗ ನನ್ನ ಜೀಪು ಹಳೆ ಟೈರ್‌ನಲ್ಲಿ ಗಂಟೆಗೆ 75 ಕಿ.ಮೀ. ಹೋಗುತ್ತಿತ್ತು. ಬರೀ ಟೈರ್ ಬದಲಿಸಿದಾಗ ಲೆಕ್ಕದ ಪ್ರಕಾರ 84 ಆಗಬೇಕು, ಆದರೆ ಸಣ್ಣ ಏರು ಬಂದರೂ ಥರ್ಡ್‌ಗೆ ಇಳಿಸಬೇಕು. 4.88 ಹಾಕಿದರೆ 74, ಬಹುತೇಕ ಮೊದಲಿನ ಹಾಗೆ. 5.38 ಹಾಕಿದರೆ 67. ಹಾಸನಕ್ಕೆ ಹೋಗಿಬರುವಷ್ಟರಲ್ಲಿ ಕಿವಿ ತೂತಾಗುತ್ತದೆ. ಎರಡನೇ ಕಾರಣ ಪಿನಿಯನ್. ಅದೇ ಹೌಸಿಂಗ್ ಒಳಗೆ ರೇಶಿಯೋ ಹೆಚ್ಚಿದಷ್ಟೂ ಪಿನಿಯನ್‌ನ ತಲೆ ಸಣ್ಣದಾಗುತ್ತದೆ, ಹಲ್ಲು ಕಮ್ಮಿಯಾಗುತ್ತದೆ. 33 ಇಂಚಿನ ಟೈರ್ ಹಾಕುವವರ ಲೆಕ್ಕ 5.1ರ ಹತ್ತಿರ ಬರುತ್ತದೆ, ಅವರಿಗೆ 5.38 ಸರಿ. ನನ್ನನ್ನು ಕೇಳಿದರೆ, ಆ ಟೈರೇ ಈ ಆಕ್ಸಲ್‌ಗೆ ಅತಿ.

ಇಷ್ಟೆಲ್ಲ ಒದ್ದಾಡಿ ಗಳಿಸುವುದೇನು ಅಂತಲೂ ಗೊತ್ತಿರಲಿ. ಟೈರ್ ಎಂಟು ಸೆಂಟಿಮೀಟರ್ ಎತ್ತರವಾದರೆ ಹೌಸಿಂಗ್ ಮೇಲೇಳುವುದು ಅದರ ಅರ್ಧ, ನಾಲ್ಕು ಸೆಂಟಿಮೀಟರ್. ಆದರೆ ಹೌಸಿಂಗನ್ನು ನೆಲದಿಂದ ಎತ್ತುವುದು ಟೈರ್ ಒಂದೇ. ಪಟ್ಟಾ (ಸ್ಪ್ರಿಂಗ್) ಎತ್ತರಿಸಿದರೆ ಬಾಡಿ ಮೇಲೇಳುತ್ತದೆ, ಹೌಸಿಂಗ್ ಇದ್ದಲ್ಲೇ ಇರುತ್ತದೆ. ನಮ್ಮ ಹಳ್ಳದ ದಾರಿಯಲ್ಲಿ ಹೌಸಿಂಗ್‌ಗೆ ಬಡಿಯುತ್ತಿದ್ದ ಒಂದು ಬಂಡೆ ಈಗ ಬಡಿಯುವುದಿಲ್ಲ. ನನಗೆ ಅಷ್ಟು ಸಾಕಾಗಿತ್ತು.

ಮುಂದೆ ಹಿಂದೆ ಎರಡೂ ಒಂದೇ

ಹಿಂದಿನದು ಮಾತ್ರ ಬದಲಿಸಿ, ಮುಂದಿನದು ಆಮೇಲೆ ನೋಡೋಣ ಅನ್ನುವವರಿದ್ದಾರೆ. ಈ ಜೀಪುಗಳ ಟ್ರಾನ್ಸ್‌ಫರ್ ಕೇಸ್‌ನಲ್ಲಿ ಮುಂದಿನ ಹಿಂದಿನ ವ್ಯತ್ಯಾಸ ನುಂಗಿಕೊಳ್ಳುವ ಡಿಫರೆನ್ಶಿಯಲ್ ಇಲ್ಲ. ಫೋರ್ ಬೈ ಫೋರ್ ಹಾಕಿದ ತಕ್ಷಣ ಎರಡು ಪ್ರೊಪೆಲ್ಲರ್‌ಗಳೂ ಒಂದೇ ವೇಗದಲ್ಲಿ ತಿರುಗುತ್ತವೆ. ಹಿಂದೆ 4.88, ಮುಂದೆ 4.27 ಇದ್ದರೆ ಮುಂದಿನ ಚಕ್ರ ಓಡು ಅನ್ನುತ್ತದೆ, ಹಿಂದಿನದು ನಿಲ್ಲು ಅನ್ನುತ್ತದೆ. ಕೆಸರಿನಲ್ಲಿ ಟೈರ್ ಜಾರಿ ಹೇಗೋ ನಡೆಯುತ್ತದೆ. ಗಟ್ಟಿ ನೆಲ ಸಿಕ್ಕಿತೋ, ಲಿವರ್ ಕಚ್ಚಿಕೊಂಡು ಬರುವುದೇ ಇಲ್ಲ, ಇಲ್ಲವೇ ಏನಾದರೊಂದು ಮುರಿಯುತ್ತದೆ. ಮುಂದಿನದಕ್ಕೆ ದುಡ್ಡು ಹೊಂದಿಸುವ ತನಕ ಮುಂದಿನ ಪ್ರೊಪೆಲ್ಲರ್ ಕಳಚಿ ಇಟ್ಟುಬಿಡಿ.

ಮುಂದೆ 39ಕ್ಕೆ 8 (4.875), ಹಿಂದೆ 44ಕ್ಕೆ 9 (4.889) ಸಿಕ್ಕಿದರೆ ತಲೆಬಿಸಿ ಬೇಡ. ವ್ಯತ್ಯಾಸ ಶೇ. ಅರ್ಧಕ್ಕಿಂತ ಕಮ್ಮಿ. ಟೈರಿನ ಗಾಳಿ ಹೆಚ್ಚುಕಮ್ಮಿಯಾದರೂ ಅಷ್ಟು ಬರುತ್ತದೆ. ನನ್ನ ಜೀಪಿನಲ್ಲಿ ಇರುವುದು ಇದೇ ಜೋಡಿ.

ಆ ಜೋಡಿ ಸಿಗುವುದಕ್ಕೂ ಎರಡು ಸಲ ಬೆಂಗಳೂರಿಗೆ ಹೋಗಬೇಕಾಯಿತು. ಜೆ.ಸಿ. ರಸ್ತೆಯ ಒಂದು ಅಂಗಡಿಯಲ್ಲಿ ಎರಡು ಡಬ್ಬ ಕೊಟ್ಟರು, ಎರಡರ ಮೇಲೂ 4.88 ಅಂತ ಚೀಟಿ. ಊರಿಗೆ ಬಂದ ಮೇಲೆ ಸಾಬ್ರು ಮುಂದಿನದರ ಎಣ್ಣೆ ಕಾಗದ ಬಿಚ್ಚಿ, ಸೀಮೆಸುಣ್ಣ ಹಿಡಿದು ಒಂದೊಂದೇ ಹಲ್ಲು ಎಣಿಸಿದರು. ನಲವತ್ಮೂರು! ಪಿನಿಯನ್‌ಗೆ ಎಂಟು. ಒಳಗಿದ್ದದ್ದು 5.38. ಅಂಗಡಿಯವರು ತಕರಾರಿಲ್ಲದೆ ಬದಲಿಸಿಕೊಟ್ಟರು, ನನಗೆ ಹೋದದ್ದು ಒಂದು ದಿನ ಮತ್ತು ಬಸ್ ಚಾರ್ಜು. ಕೌಂಟರ್ ಮೇಲೇ ಬಿಚ್ಚಿಸಿ ಎಣಿಸಿ. ಕ್ರೌನ್ ಮತ್ತು ಪಿನಿಯನ್ ಒಟ್ಟಿಗೆ ಉಜ್ಜಿ ಜೋಡಿ ಮಾಡಿರುತ್ತಾರೆ, ಎರಡರ ಮೇಲೂ ಒಂದೇ ಜೋಡಿ ನಂಬರ್ ಇದೆಯಾ ಅಂತಲೂ ನೋಡಿ. ಒಂದು ಕಡೆಯ ಕ್ರೌನ್‌ಗೆ ಇನ್ನೊಂದು ಕಡೆಯ ಪಿನಿಯನ್ ಹಾಕಿದರೆ ಸಾಯುವ ತನಕ ಕೂಗುತ್ತದೆ.

ಡಾನಾ 44ಕ್ಕೆ ಇನ್ನೊಂದು ಮಾತಿದೆ. ಕ್ರೌನ್ ಬೋಲ್ಟ್ ಮಾಡುವ ಒಳಗಿನ ಕೇಸ್ ಎರಡು ಥರ ಬರುತ್ತದೆ. 3.73 ಮತ್ತು ಅದಕ್ಕಿಂತ ಕೆಳಗಿನ ರೇಶಿಯೋಗೆ ಒಂದು, 3.92ರಿಂದ ಮೇಲಿನದಕ್ಕೆ ಇನ್ನೊಂದು. 4.27ರಿಂದ 4.88ಕ್ಕೆ ಹೋಗುವವರು ಬಚಾವ್, ಹಳೆ ಕೇಸೇ ಸಾಕು. 3.73 ಇರುವವರು ಕೇಸ್ ಖರ್ಚನ್ನೂ ಸೇರಿಸಿಕೊಳ್ಳಿ.

ಕೂರಿಸುವುದು

ಇದನ್ನು ನೀವೇ ಮಾಡಿ ಅಂತ ನಾನು ಹೇಳುವುದಿಲ್ಲ. ಡಯಲ್ ಗೇಜ್, ಪುಲ್ಲರ್, ಟಾರ್ಕ್ ರೆಂಚ್ ಇಲ್ಲದೆ ಕೈ ಹಾಕಲೇಬೇಡಿ. ಆದರೆ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತು ನೋಡಿ. ಏನು ನಡೆಯಬೇಕು ಅಂತ ಗೊತ್ತಿದ್ದರೆ ಅವಸರದ ಕೆಲಸ ಕಣ್ಣಿಗೆ ಬೀಳುತ್ತದೆ.

ಬಿಚ್ಚುವಾಗ ಬೇರಿಂಗ್ ಕ್ಯಾಪ್‌ಗಳಿಗೆ ಎಡ, ಬಲ ಅಂತ ಪಂಚ್ ಗುರುತು ಹೊಡೆಯಬೇಕು. ಅವು ಅದಲು ಬದಲಾಗುವಂತಿಲ್ಲ. ಎಡದ ಶಿಮ್ (ಅಂತರ ಸರಿಪಡಿಸುವ ತೆಳು ಬಿಲ್ಲೆ) ಎಡಕ್ಕೆ, ಬಲದ್ದು ಬಲಕ್ಕೆ. ನಮ್ಮ ಸಾಬ್ರು ಮೊಟ್ಟೆ ಟ್ರೇಯಲ್ಲಿ ಇಡುತ್ತಾರೆ, ಒಂದೊಂದು ಗುಳಿಗೆ ಒಂದೊಂದು ಸಾಮಾನು.

ಹೊಸ ಪಿನಿಯನ್‌ನ ತಲೆಯ ಮೇಲೆ ಸೂಜಿಯಲ್ಲಿ ಗೀಚಿದ ಹಾಗೆ ಒಂದು ಸಣ್ಣ ಸಂಖ್ಯೆ ಇರುತ್ತದೆ, +2, −3, 0 ಹೀಗೆ. ಇಂಚಿನ ಸಾವಿರದ ಪಾಲಿನ ಲೆಕ್ಕ ಅದು. ಹಳೆ ಪಿನಿಯನ್ ಮೇಲೂ ಇರುತ್ತದೆ. ಡಾನಾದಲ್ಲಿ ಹಳೆಯದು 0, ಹೊಸದು +2 ಇದ್ದರೆ ಪಿನಿಯನ್ ಬೇರಿಂಗ್ ಕಪ್‌ನ ಹಿಂದಿನ ಶಿಮ್‌ನಲ್ಲಿ ಎರಡು ಥೌ (ಇಂಚಿನ ಸಾವಿರದ ಪಾಲು) ಕಮ್ಮಿ ಮಾಡಬೇಕು. ಮೈನಸ್ ಇದ್ದರೆ ಸೇರಿಸಬೇಕು. ಎಷ್ಟೋ ಗ್ಯಾರೇಜುಗಳಲ್ಲಿ ಈ ಸಂಖ್ಯೆಯನ್ನು ಯಾರೂ ನೋಡುವುದೇ ಇಲ್ಲ, ಹಳೆ ಶಿಮ್ ಹಾಗೇ ಹಾಕಿ ಮುಚ್ಚುತ್ತಾರೆ. ಆಮೇಲೆ ಗುಂಯ್‌ಗುಡುತ್ತದೆ ಅಂತ ಗಿರಾಕಿ ಬಂದರೆ "ಹೊಸ ಕ್ರೌನ್ ಅಲ್ವಾ, ಸವೆದ ಮೇಲೆ ಸರಿ ಹೋಗುತ್ತೆ" ಅನ್ನುತ್ತಾರೆ. ಸರಿ ಹೋಗುವುದಿಲ್ಲ.

ಆಮೇಲೆ ಪಿನಿಯನ್ ಬೇರಿಂಗ್‌ನ ಬಿಗಿ. ಹಳೆ ಡಾನಾ 44ರಲ್ಲಿ ಇದನ್ನು ನಟ್ ತಿರುಗಿಸಿ ತರುವುದಿಲ್ಲ, ಶಿಮ್‌ನಿಂದ ತರುತ್ತಾರೆ. ಹಿಂದಿನ ಆಕ್ಸಲ್‌ನ ನಟ್ 270ರಿಂದ 300 ನ್ಯೂಟನ್ ಮೀಟರ್ ಬಿಗಿಯಬೇಕು, ಅಷ್ಟು ಬಿಗಿದ ಮೇಲೂ ಪಿನಿಯನ್ ಕೈಗೆ ಸ್ವಲ್ಪ ಭಾರವಾಗಿ, ಎಲ್ಲೂ ತಡೆಯದೆ ತಿರುಗಬೇಕು. ಅಳೆಯಲು ಸಾಬ್ರ ಹತ್ತಿರ ಮೀನು ತೂಗುವ ಕೊಕ್ಕೆ ತಕ್ಕಡಿ ಇದೆ. ಫ್ಲ್ಯಾಂಜ್‌ಗೆ ದಾರ ಸುತ್ತಿ, ತಕ್ಕಡಿ ಸಿಕ್ಕಿಸಿ, ಸಮನಾಗಿ ಎಳೆಯುತ್ತಾರೆ. ದಾರ ಸುತ್ತಿದ ಜಾಗ ನಡುವಿನಿಂದ 5 ಸೆಂ.ಮೀ. ದೂರ ಇದ್ದರೆ, ಹೊಸ ಬೇರಿಂಗ್‌ಗೆ, ತಕ್ಕಡಿಯಲ್ಲಿ 5ರಿಂದ 9 ಕೆ.ಜಿ. ನಡುವೆ ಕಾಣಬೇಕು. ತಿರುಗಲು ಶುರುವಾಗುವಾಗಿನ ಎಳೆತ ಅಲ್ಲ, ತಿರುಗುತ್ತಿರುವಾಗಿನದು. ಇದನ್ನು ಆಯಿಲ್ ಸೀಲ್ ಹಾಕುವ ಮುಂಚೆಯೇ ನೋಡಬೇಕು, ಸೀಲ್ ಕೂತರೆ ಲೆಕ್ಕ ಕೆಡುತ್ತದೆ.

ಮೂರನೆಯದು ಹಲ್ಲಿನ ನಡುವಿನ ಆಟ, ಬ್ಯಾಕ್‌ಲ್ಯಾಶ್. ಪಿನಿಯನ್ ಅಲುಗದಂತೆ ಹಿಡಿದು ಕ್ರೌನನ್ನು ಹಿಂದೆ ಮುಂದೆ ಅಲುಗಿಸಿದರೆ ಡಯಲ್ ಗೇಜ್‌ನಲ್ಲಿ 0.13ರಿಂದ 0.25 ಮಿ.ಮೀ. ಬರಬೇಕು. ಜಾಸ್ತಿ ಬಂದರೆ ಕ್ರೌನನ್ನು ಪಿನಿಯನ್ ಕಡೆ ಸರಿಸಿ. ಒಂದು ಬದಿಯಿಂದ ತೆಗೆದ ಶಿಮ್ ಅಷ್ಟನ್ನೂ ಇನ್ನೊಂದು ಬದಿಗೆ ಹಾಕಬೇಕು. ಈ ಆಕ್ಸಲ್‌ನಲ್ಲಿ ಪಕ್ಕದ ಶಿಮ್‌ಗಳು ಕೇಸ್ ಬೇರಿಂಗ್‌ನ ಅಡಿಯಲ್ಲಿ ಇರುತ್ತವೆ, ಪ್ರತಿ ಸಲವೂ ಬೇರಿಂಗ್ ಕಿತ್ತರೆ ಹೊಸ ಬೇರಿಂಗ್ ಹಾಳಾಗುತ್ತದೆ. ಅದಕ್ಕೆ ಸಾಬ್ರು ಹಳೆ ಬೇರಿಂಗ್‌ನ ಒಳಗಿನ ತೂತನ್ನು ಒಂಚೂರು ಉಜ್ಜಿ, ಕೈಯಲ್ಲೇ ಹಾಕಿ ತೆಗೆಯುವ ಹಾಗೆ ಮಾಡಿ ಇಟ್ಟುಕೊಂಡಿದ್ದಾರೆ. ಅಳತೆಯೆಲ್ಲ ಅದರಲ್ಲಿ. ಸರಿ ಬಂದ ಮೇಲೆ ಮಾತ್ರ ಹೊಸ ಬೇರಿಂಗ್ ಒತ್ತುತ್ತಾರೆ.

ಕೊನೆಗೆ ಬಣ್ಣ. ಮೊದಲೆಲ್ಲ ಮನೆ ನೆಲಕ್ಕೆ ಹಾಕುತ್ತಿದ್ದರಲ್ಲ, ಆ ರೆಡ್ ಆಕ್ಸೈಡ್ ಪುಡಿ. ಅದನ್ನು ಎಣ್ಣೆಯಲ್ಲಿ ಗಟ್ಟಿ ಚಟ್ನಿ ಹದಕ್ಕೆ ಕಲಸಿ ಕ್ರೌನ್‌ನ ನಾಲ್ಕೈದು ಹಲ್ಲಿಗೆ ತೆಳ್ಳಗೆ ಹಚ್ಚಿ, ಕ್ರೌನ್‌ಗೆ ಮರದ ತುಂಡು ಒತ್ತಿ ತಡೆ ಕೊಟ್ಟು ತಿರುಗಿಸಿದರು. ಪಿನಿಯನ್ ಮುಟ್ಟಿದ ಕಡೆ ಬಣ್ಣ ಒರೆಸಿ ಹೋಗಿ ಹೊಳೆಯುವ ಗುರುತು ಬಿತ್ತು. ಗುರುತು ಹಲ್ಲಿನ ಬುಡಕ್ಕೂ ತುದಿಗೂ ನಡುವೆ ಇರಬೇಕು. ಬುಡಕ್ಕೆ ಇಳಿದಿದ್ದರೆ ಪಿನಿಯನ್ ಜಾಸ್ತಿ ಒಳಗೆ ಹೋಗಿದೆ, ಶಿಮ್ ತೆಗೆಯಿರಿ. ತುದಿಯಲ್ಲಿದ್ದರೆ ಹೊರಗಿದೆ, ಸೇರಿಸಿ. ನನ್ನ ಹಿಂದಿನ ಆಕ್ಸಲ್‌ಗೆ ನಾಲ್ಕು ಸಲ ಬಿಚ್ಚಿ ಹಾಕಿದರು. ಮೂರನೇ ಸಲ ನನಗೆ ಸರಿ ಇದೆ ಅನ್ನಿಸಿತು. ಅವರು ಟಾರ್ಚ್ ಹಿಡಿದು, ಬೀಡಿ ಹಚ್ಚಿ, ಸ್ವಲ್ಪ ಹೊತ್ತು ನೋಡಿ, "ಒಂದ್ ಥೌ" ಅಂದು ಮತ್ತೆ ಬಿಚ್ಚಿದರು. ಹಿಂದಿನದಕ್ಕೆ ಎರಡು ದಿನ, ಮುಂದಿನದಕ್ಕೆ ಒಂದೂವರೆ. ಒಂದೇ ಮಧ್ಯಾಹ್ನದಲ್ಲಿ ಎರಡೂ ಮಾಡಿಕೊಡುತ್ತೇನೆ ಅನ್ನುವವರ ಹತ್ತಿರ ಬಿಡಬೇಡಿ.

ಒಂದು ಖುಷಿ. ಬರೀ ಟೈರ್ ಹಾಕಿದ್ದಾಗ ಸ್ಪೀಡೋಮೀಟರ್ 50 ತೋರಿಸಿದರೆ ನಿಜವಾಗಿ 56ರಲ್ಲಿ ಹೋಗುತ್ತಿದ್ದೆ. ಇದರ ಕೇಬಲ್ ಟ್ರಾನ್ಸ್‌ಫರ್ ಕೇಸ್‌ನಿಂದ ಬರುವುದರಿಂದ, 4.88 ಹಾಕಿದ ಮೇಲೆ ಅದೂ ತಾನಾಗಿ ಸರಿಹೋಯಿತು. ಈಗ 50 ತೋರಿಸಿದರೆ 49.

ಆಮೇಲೆ ಶಾಫ್ಟ್ ಮುರಿಯಿತು

ಕ್ರೌನ್ ಕೂರಿಸಿದ್ದು ಮೇ ತಿಂಗಳಲ್ಲಿ. ಆಗಸ್ಟ್‌ನಲ್ಲಿ, ಧೋ ಅಂತ ಮಳೆ, ಹಳ್ಳದ ಪಕ್ಕ ಹಿಂದಿನ ಬಲಚಕ್ರ ಒಂದು ಬೇರಿಗೂ ಬಂಡೆಗೂ ನಡುವೆ ಕೂತಿತು. ಲೋ ಫಸ್ಟ್ ಹಾಕಿ ಎಕ್ಸಿಲೇಟರ್ ಒತ್ತಿದೆ. ಟಕ್. ಒಣಗಿದ ಸಿಲ್ವರ್ ಓಕ್ ಕೊಂಬೆ ಮುರಿದ ಸದ್ದು. ಇಳಿದು ನೋಡಿದರೆ ಚಕ್ರ ಡ್ರಮ್ ಸಮೇತ ಒಂದು ಗೇಣು ಹೊರಗೆ ಬಂದು ವಾಲಿಕೊಂಡಿತ್ತು. ಜಿಗಣೆ ಹತ್ತಿಸಿಕೊಂಡು ಮನೆಗೆ ನಡೆದೆ.

ಯಾಕೆ ಹೀಗಾಯಿತು? ಲೆಕ್ಕ ಸುಲಭ. 4.27 ಹೋಗಿ 4.88 ಬಂದಾಗ ಚಕ್ರ ತಿರುಗಿಸುವ ಆಕ್ಸಲ್ ಶಾಫ್ಟ್ ಮೇಲೆ ಇಂಜಿನ್ ಹಾಕಬಲ್ಲ ತಿರುಚು ಶೇ. 14 ಹೆಚ್ಚಿತು. ಹಳೆ ಟೈರ್ ಆಗಿದ್ದರೆ ಜಾರಿ ತಪ್ಪಿಸಿಕೊಳ್ಳುತ್ತಿತ್ತು. ದೊಡ್ಡ ಮಡ್ ಟೈರ್ ಜಾರದೆ ಕಚ್ಚಿ ಹಿಡಿಯಿತು. ನಡುವೆ ಸಿಕ್ಕಿದ ಶಾಫ್ಟ್ ಹೋಯಿತು. ಹಾಗಾಗಿ ಗೇರಿಂಗ್ ಮತ್ತು ಶಾಫ್ಟ್ ಎರಡನ್ನೂ ಒಂದೇ ಸಲ ನೋಡಬೇಕು. ನಾನು ಹೌಸಿಂಗ್ ಎರಡು ಸಲ ಬಿಚ್ಚಿಸಿ ಎರಡು ಸಲ ಕೂಲಿ ಕೊಟ್ಟೆ.

ನನ್ನದು ಟೇಪರ್ ಶಾಫ್ಟ್, ಅಂದರೆ ಹೊರತುದಿ ಚೂಪಾಗಿ, ಅದರ ಮೇಲೆ ಹಬ್, ನಡುವೆ ಕೀ, ಹೊರಗೆ ದೊಡ್ಡ ನಟ್. ಬಿರುಕು ಶುರುವಾಗಿದ್ದು ಆ ಕೀ ಕೂರುವ ತೋಡಿನಿಂದ. ಮುರಿದ ತುಂಡಿನಲ್ಲಿ ಅರ್ಧ ಹಳೆ ಕಪ್ಪು, ಅರ್ಧ ಹೊಸ ಬಿಳಿ ಇತ್ತು. ಎಂದರೆ ಬಿರುಕು ಮೊದಲೇ ಇತ್ತು, ನಾನು ಕ್ರೌನ್ ಬಿಚ್ಚಿದಾಗ ಒರೆಸಿ ನೋಡಿದ್ದರೆ ಕಾಣುತ್ತಿತ್ತೇನೋ. ನೀವು ಟೇಪರ್ ಶಾಫ್ಟೇ ಉಳಿಸಿಕೊಳ್ಳುವುದಾದರೆ ಹೊಸ ಕೀ ಹಾಕಿ, ಟೇಪರ್‌ಗೆ ಗ್ರೀಸ್ ಹಚ್ಚದೆ ಒಣಗಿಸಿ ಕೂರಿಸಿ. ಸ್ಪ್ಲಿಟ್ ಪಿನ್ ತೂತು ಸರಿಯಾಗಿ ಬರಲಿಲ್ಲ ಅಂತ ನಟ್ ಹಿಂದಕ್ಕೆ ಬಿಡಬೇಡಿ, ಇನ್ನೂ ಬಿಗಿದು ತೂತಿಗೆ ತನ್ನಿ.

ಇಂಥ ಶಾಫ್ಟ್ ಎರಡು ಕೆಲಸ ಮಾಡುತ್ತದೆ, ಚಕ್ರ ತಿರುಗಿಸುತ್ತದೆ, ಗಾಡಿಯ ಭಾರವನ್ನೂ ಹೊರುತ್ತದೆ. ಫುಲ್ ಫ್ಲೋಟಿಂಗ್ ಆಕ್ಸಲ್‌ನಲ್ಲಿ ಹಾಗಲ್ಲ. ಹಬ್ ಎರಡು ಬೇರಿಂಗ್ ಮೇಲೆ ಹೌಸಿಂಗ್ ಕೊಳವೆಯ ಮೇಲೇ ಕೂರುತ್ತದೆ, ಭಾರ ಅದು ಹೊರುತ್ತದೆ. ಶಾಫ್ಟ್ ಬರೀ ತಿರುಗಿಸುತ್ತದೆ. ಮುರಿದರೂ ಚಕ್ರ ಹೊರಬರುವುದಿಲ್ಲ, ಬೋಲ್ಟ್ ಬಿಚ್ಚಿ ತುಂಡನ್ನು ಎಳೆದು ಹಾಕಿ ಮುಂದಿನ ಚಕ್ರದಲ್ಲೇ ಮನೆ ಸೇರಬಹುದು. ನಾನು ಭಾರ ಹೊರುವ ಹಳೆ ಗಾಡಿಯೊಂದರ ಫುಲ್ ಫ್ಲೋಟಿಂಗ್ ಹೌಸಿಂಗನ್ನು ಗುಜರಿಯಲ್ಲಿ ಹುಡುಕಿ ತಂದು, ನನ್ನ ಕ್ರೌನ್ ಅದಕ್ಕೆ ಕೂರಿಸಿದೆ. ಮತ್ತೆ ಶಿಮ್, ಮತ್ತೆ ರೆಡ್ ಆಕ್ಸೈಡ್.

ಗುಜರಿಯಲ್ಲಿ ತರುವವರು ಟೇಪ್ ಹಿಡಿದು ಹೋಗಿ. ಅಗಲ, ಪಟ್ಟಾ ಕೂರುವ ಪೀಠಗಳ ನಡುವಿನ ದೂರ, ಶಾಫ್ಟ್‌ನ ಸ್ಪ್ಲೈನ್ (ತುದಿಯ ಉದ್ದ ಹಲ್ಲು) ಎಷ್ಟು ಅಂತ ನೋಡಿ. ಎಲ್ಲಕ್ಕಿಂತ ಮುಖ್ಯ, ಪಿನಿಯನ್ ಮೂತಿ ನಡುವೆ ಇದೆಯೋ ಬದಿಗೆ ಇದೆಯೋ. ಹಳೆ ಜೀಪಿನ ಟ್ರಾನ್ಸ್‌ಫರ್ ಕೇಸ್‌ನಿಂದ ಪ್ರೊಪೆಲ್ಲರ್ ಬಲಬದಿಗೆ ಬರುತ್ತದೆ, ಹೌಸಿಂಗ್ ಮೂತಿಯೂ ಬಲಕ್ಕೇ ಇರಬೇಕು. ನಡುಮೂತಿಯ ಹೌಸಿಂಗ್ ಎಷ್ಟೇ ಗಟ್ಟಿಯಾಗಿದ್ದರೂ, ಅಗ್ಗವಾಗಿದ್ದರೂ, ಅಲ್ಲೇ ಬಿಟ್ಟು ಬನ್ನಿ.

ಡಿಫ್ ಲಾಕ್ (ಎಡ ಬಲ ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಮಾಡುವ ಲಾಕ್) ಹಾಕಿಸುವ ಆಸೆ ಇದ್ದರೆ ಅದು ಕೊನೆಗೆ. ಲಾಕ್ ಇಲ್ಲದಿದ್ದಾಗ ಎರಡೂ ಶಾಫ್ಟ್‌ಗೆ ಸಮಪಾಲು. ಲಾಕ್ ಇದ್ದರೆ, ಒಂದು ಚಕ್ರ ಗಾಳಿಯಲ್ಲಿದ್ದಾಗ ಪೂರ್ತಿ ಹೊಡೆತ ಒಂದೇ ಶಾಫ್ಟ್‌ಗೆ. ಮುಂದಿನ ಆಕ್ಸಲ್‌ನಲ್ಲಿ ಮೊದಲು ಹೋಗುವುದು ಚಕ್ರದ ಹತ್ತಿರದ ಜಾಯಿಂಟ್. ಸ್ಟೇರಿಂಗ್ ಪೂರ್ತಿ ತಿರುಗಿಸಿಕೊಂಡು ಎಕ್ಸಿಲೇಟರ್ ಒತ್ತುವ ಚಾಳಿ ಬಿಟ್ಟರೆ ಅದು ಬಾಳುತ್ತದೆ.

ಉಳಿದ ಸಣ್ಣಪುಟ್ಟದ್ದು

ಬ್ರೇಕ್. ದೊಡ್ಡ ಟೈರ್ ಎಳೆತವನ್ನು ಕಮ್ಮಿ ಮಾಡಿದ ಹಾಗೇ ಬ್ರೇಕ್ ಹಿಡಿತವನ್ನೂ ಸುಮಾರು ಶೇ. 11 ಕಮ್ಮಿ ಮಾಡುತ್ತದೆ. ಗೇರ್ ಬದಲಿಸಿದರೆ ಇದು ವಾಪಸ್ ಬರುವುದಿಲ್ಲ. ಶಿರಾಡಿ ಇಳಿಯುವಾಗ ನನಗೆ ಚೆನ್ನಾಗಿ ಗೊತ್ತಾಯಿತು. ಲೈನಿಂಗ್ ಹೊಸದು ಹಾಕಿಸಿ, ಡ್ರಮ್ ನೋಡಿಸಿ, ಘಾಟಿಯಲ್ಲಿ ಒಂದು ಗೇರ್ ಕೆಳಗೇ ಇಳಿಯಿರಿ.

ಹೌಸಿಂಗ್ ಮೇಲಿನ ಉಸಿರುಕೊಳವೆಗೆ ಒಂದು ರಬ್ಬರ್ ಪೈಪ್ ಸಿಕ್ಕಿಸಿ ಬಾಡಿಯ ಎತ್ತರಕ್ಕೆ ಕಟ್ಟಿ. ಬಿಸಿ ಹೌಸಿಂಗ್ ಹಳ್ಳದ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಳ್ಳುತ್ತದೆ. ಆಯಿಲ್ ಹಾಲು ಬೆರೆತ ಟೀ ಬಣ್ಣಕ್ಕೆ ತಿರುಗಿದ್ದರೆ ಅದೇ ಕಾರಣ.

ಆಯಿಲ್, ಹೌಸಿಂಗ್‌ಗೆ ಜಿಎಲ್-5, 80ಡಬ್ಲ್ಯೂ-90. ಮಿಕ್ಕಿತು ಅಂತ ಅದನ್ನೇ ಗೇರ್‌ಬಾಕ್ಸ್‌ಗೆ ಸುರಿಯಬೇಡಿ. ಅಲ್ಲಿ ಹಿತ್ತಾಳೆ ಸಿಂಕ್ರೋ ರಿಂಗ್ ಇರುತ್ತದೆ, ಅದಕ್ಕೆ ಜಿಎಲ್-4.

ಕಾನೂನು. ಕಂಪನಿ ಹೇಳಿದ ಅಳತೆ ಮೀರಿ ಗಾಡಿ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿಯಾಗಿ ಹೇಳಿದೆ. ತೋಟದೊಳಗೆ ಓಡಿಸುವುದು ಬೇರೆ, ರಸ್ತೆಗೆ ಇಳಿಸುವುದು ಬೇರೆ. ಆರ್‌ಟಿಓದಲ್ಲೂ ಇನ್ಶೂರೆನ್ಸ್‌ನವರಲ್ಲೂ ಮೊದಲೇ ಕೇಳಿಕೊಳ್ಳಿ, ಅಪಘಾತ ಆದಮೇಲೆ ಅಲ್ಲ.

ಹೊಸ ಕ್ರೌನ್‌ಗೆ ಬಾಣಂತನ ಬೇಕು. ಮೊದಲ ದಿನ ಇಪ್ಪತ್ತು ಕಿ.ಮೀ. ನಿಧಾನವಾಗಿ ಓಡಿಸಿ, ನಿಲ್ಲಿಸಿ, ಪೂರ್ತಿ ತಣ್ಣಗಾಗಲು ಬಿಡಿ. ಹೌಸಿಂಗ್ ಮೇಲೆ ಕೈ ಇಡಿ, ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಸುಟ್ಟರೆ ಬೇರಿಂಗ್ ಬಿಗಿ ಜಾಸ್ತಿಯಾಗಿದೆ. 800 ಕಿ.ಮೀ. ತನಕ ಮೂಟೆ ಹೇರಬೇಡಿ, ಟ್ರೇಲರ್ ಎಳೆಯಬೇಡಿ. ಆಮೇಲೆ ಆಯಿಲ್ ಇಳಿಸಿ, ಒಂದು ಅಯಸ್ಕಾಂತವನ್ನು ಅದರಲ್ಲಿ ಆಡಿಸಿ ನೋಡಿ. ಬೂದಿ ಬಣ್ಣದ ನುಣ್ಣನೆ ಕೆಸರು ಅಂಟಿದರೆ ಅದು ಹೊಸ ಹಲ್ಲು ಸವೆದ ಪುಡಿ, ಪರವಾಗಿಲ್ಲ. ಬೆರಳಿಗೆ ಚುಚ್ಚುವ ಚೂರು ಸಿಕ್ಕಿದರೆ ಕವರ್ ಬಿಚ್ಚಲೇಬೇಕು. ನನ್ನದರಲ್ಲಿ ಬರೀ ಕೆಸರಿತ್ತು. ಸಾಬ್ರು ಅದನ್ನು ಎರಡು ಬೆರಳಲ್ಲಿ ಉಜ್ಜಿ, ಬನಿಯನ್‌ಗೆ ಒರೆಸಿಕೊಂಡು, ಹೊಸ ಆಯಿಲ್ ಡಬ್ಬ ಕೈಗೆ ತೆಗೆದುಕೊಂಡರು.